ನಿಮಗಿದು ಗೊತ್ತೇ? ಅಲ್ಲಿ ಬಜೆಟ್ಟಿಗೆ ವಿಸ್ಕಿ, ಇಲ್ಲಿ ಸೌಧದ ಮುಂದೆ ಶಾವಿಗೆ!

ಬ್ರಿಟನ್ ಸಂಸತ್ತಿನ ಸದನದೊಳಗೆ ಯಾರೂ ಮದ್ಯ ಕುಡಿಯುವಂತಿಲ್ಲ. ಆದರೆ ಒಬ್ಬರಿಗೆ ಮಾತ್ರ ವಿನಾಯಿತಿ! ಯಾರಿಗೆ ಅಂತೀರಾ? ಅಲ್ಲಿನ ಹಣಕಾಸು ಸಚಿವರಿಗೆ. ಅದೂ ಬಜೆಟ್ ಓದುವ ಹೊತ್ತಿನಲ್ಲಿ ಮಾತ್ರ. ಒಂದು ಕೈಯಲ್ಲಿ ದೇಶದ ಲೆಕ್ಕಪತ್ರ, ಇನ್ನೊಂದು ಕೈಯಲ್ಲಿ ಗ್ಲಾಸು!

ಒಬ್ಬೊಬ್ಬರ ರುಚಿ ಒಂದೊಂದು. ಗ್ಲ್ಯಾಡ್‌ಸ್ಟನ್ ಅವರಿಗೆ ಶೆರಿ ವೈನಿನಲ್ಲಿ ಕದಡಿದ ಹಸಿ ಮೊಟ್ಟೆ ಬೇಕಿತ್ತು. ಡಿಸ್ರೇಲಿಗೆ ಬ್ರಾಂದಿಗೆ ನೀರು ಬೆರೆಸಿ ಕೊಡಬೇಕಿತ್ತು. ಜೆಫ್ರಿ ಹೋವ್ ಜಿನ್ ಹೀರುತ್ತಿದ್ದರು. ಹೀತ್‌ಕೋಟ್ ಅಮೋರಿ ಎಂಬ ಸಚಿವರದ್ದು ಹಾಲು, ಜೇನುತುಪ್ಪ, ರಮ್ ಸೇರಿದ ಮಿಶ್ರಣ. ಕೆಮ್ಮಿಗೆ ಅಜ್ಜಿ ಮಾಡಿಕೊಡುವ ಮದ್ದಿನ ಹಾಗೆ!

ಮೊಟ್ಟೆ ಕದಡಿದ ಶೆರಿಯ ಮಹಿಮೆಯೋ ಏನೋ, ಗ್ಲ್ಯಾಡ್‌ಸ್ಟನ್ 1853ರಲ್ಲಿ ಓದಿದ ಬಜೆಟ್ ಭಾಷಣ 4 ಗಂಟೆ 45 ನಿಮಿಷ ನಡೆಯಿತು. ಒಂದೇ ಉಸಿರಿನ ಬಜೆಟ್ ಭಾಷಣಗಳಲ್ಲಿ ಬ್ರಿಟನ್ನಿಗೆ ಇವತ್ತಿಗೂ ಅದೇ ದಾಖಲೆ!

ಸದನದೊಳಗೆ ಹೀಗೆ ಗ್ಲಾಸು ಎತ್ತಿದ ಕೊನೆಯ ಸಚಿವರು ಕೆನ್ನೆತ್ ಕ್ಲಾರ್ಕ್. ಅವರದ್ದು ವಿಸ್ಕಿ. 1997ರಲ್ಲಿ ಗಾರ್ಡನ್ ಬ್ರೌನ್ ಬಂದರು, ಗ್ಲಾಸಿಗೆ ಬರೀ ನೀರು ಬಂತು. ಅಲ್ಲಿಂದ ಈಚೆಗೆ ಹಕ್ಕು ಇದೆ, ಚಲಾಯಿಸುವವರಿಲ್ಲ!

ಇನ್ನು ನಮ್ಮ ಸೀಮೆಯ ನಂಟು ಕೇಳಿ. ಇನ್ಫೊಸಿಸ್ ನಾರಾಯಣ ಮೂರ್ತಿ ಹುಟ್ಟಿದ್ದು ಎಲ್ಲಿ? ಇಲ್ಲೇ, ಶಿಡ್ಲಘಟ್ಟದಲ್ಲಿ, 1946ರಲ್ಲಿ. ಅವರ ಅಳಿಯ ರಿಷಿ ಸುನಕ್ 2020ರಲ್ಲಿ ಬ್ರಿಟನ್ನಿನ ಹಣಕಾಸು ಸಚಿವರಾದರು. ಅಂದರೆ ಬಜೆಟ್ ಓದುತ್ತಾ ಕುಡಿಯುವ ಆ ಅಪರೂಪದ ಹಕ್ಕು ಶಿಡ್ಲಘಟ್ಟದ ಅಳಿಯನ ಕೈಗೆ ಸಿಕ್ಕಿತು!

ಆದರೆ ಅಳಿಯಂದಿರು ಮದ್ಯ ಮುಟ್ಟುವವರೇ ಅಲ್ಲ! ಅವರ ಚಟ ಕೋಕಾ ಕೋಲಾ. ಅದಕ್ಕೆ ತೆತ್ತ ಬೆಲೆ ಹಲ್ಲಿನಲ್ಲಿ ಏಳು ಫಿಲ್ಲಿಂಗ್ ಅಂತ ತಾವೇ ಹೇಳಿಕೊಂಡಿದ್ದಾರೆ.

ತಮಾಷೆ ಅಲ್ಲಿಗೇ ಮುಗಿಯಲಿಲ್ಲ. ಬ್ರಿಟನ್ನಿನ ಮದ್ಯ ತೆರಿಗೆಯನ್ನು 140 ವರ್ಷಗಳಲ್ಲೇ ಕಾಣದಷ್ಟು ದೊಡ್ಡದಾಗಿ ತಿದ್ದುತ್ತೇನೆ ಅಂತ 2021ರ ಬಜೆಟ್ಟಿನಲ್ಲಿ ಘೋಷಿಸಿದ್ದು ಇದೇ ಸುನಕ್. ಕುಡಿಯದವರು ಕುಡಿಯುವವರ ಲೆಕ್ಕ ಬರೆದರು ನೋಡಿ!

ಅತ್ತೆಯವರದ್ದು ಇನ್ನೊಂದು ಕಥೆ. ಸುಧಾ ಮೂರ್ತಿ 2024ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ಅಪ್ಪಟ ಸಸ್ಯಾಹಾರಿ. ವಿದೇಶಕ್ಕೆ ಹೊರಟರೆ ಊಟದ ಸಾಮಾನಿನ ಒಂದು ಚೀಲವೇ ಜೊತೆಗೆ ಹೋಗುತ್ತದಂತೆ. ಚಮಚ ಕೂಡ ಸ್ವಂತದ್ದು!

ಮತ್ತೆ ಲಂಡನ್ನಿಗೆ ಹೋಗೋಣ. ಅಲ್ಲಿನ ಸಂಸತ್ ಭವನದೊಳಗೆ ಬಾರ್‌ಗಳಿವೆ. ಒಂದಲ್ಲ, ಹಲವು! ಒಂದರ ಹೆಸರು ಸ್ಟ್ರೇಂಜರ್ಸ್ ಬಾರ್. ಥೇಮ್ಸ್ ನದಿಯ ಕಡೆ ಉದ್ದನೆಯ ಟೆರೇಸ್ ಬೇರೆ. ಕೈಯಲ್ಲಿ ಬಿಯರ್ ಹಿಡಿದು, ನದಿಯ ಗಾಳಿ ತಿನ್ನುತ್ತಾ ಸಂಸದರು ಲೋಕಾಭಿರಾಮ ಮಾತಾಡುತ್ತಾರೆ.

ಅಷ್ಟೊಂದು ಬಾರ್ ಇದೆಯಲ್ಲ, ಲೈಸೆನ್ಸ್ ಯಾರು ಕೊಟ್ಟರು? ಯಾರೂ ಕೊಟ್ಟಿಲ್ಲ! ಹೌದು, ಲೈಸೆನ್ಸೇ ಇಲ್ಲದೆ ಮದ್ಯ ಮಾರುವ ಜಾಗ ಅದು!

ಎ.ಪಿ. ಹರ್ಬರ್ಟ್ ಎಂಬ ಹಾಸ್ಯ ಬರಹಗಾರರಿಗೆ ಇದು ಕಣ್ಣು ಕುಕ್ಕಿತು. ಬೀದಿಯ ಅಂಗಡಿಯವನಿಗೆ ಒಂದು ಕಾನೂನು, ಕಾನೂನು ಮಾಡುವವರಿಗೆ ಇನ್ನೊಂದೇ ಅಂತ ಕೋರ್ಟಿಗೇ ಹೋದರು. ಸಂಸತ್ತಿನ ಅಡುಗೆಮನೆ ಸಮಿತಿಯ ಮೇಲೇ ದೂರು! ಸಂಸತ್ತಿನ ಒಳಗಿನ ವ್ಯವಹಾರಕ್ಕೆ ಕೋರ್ಟು ಕೈ ಹಾಕುವುದಿಲ್ಲ ಅಂತ ನ್ಯಾಯಾಧೀಶರು ಕೈ ತೊಳೆದುಕೊಂಡರು. ಹರ್ಬರ್ಟ್ ಸೋತರು. ಆಮೇಲೆ ಏನು ಮಾಡಿದರು ಗೊತ್ತೇ? 1935ರಲ್ಲಿ ಚುನಾವಣೆಗೆ ನಿಂತು ತಾವೇ ಸಂಸದರಾದರು!

ಲಂಡನ್ನಿನಲ್ಲಿ ಸಂಸತ್ತಿನ ಸುತ್ತಮುತ್ತಲ ಕೆಲವು ಪಬ್ಬುಗಳಲ್ಲಿ ಗೋಡೆಗೆ ಒಂದು ಗಂಟೆ ಇದೆ. ಸದನದಲ್ಲಿ ಮತದಾನ ಶುರುವಾದರೆ ಪಬ್ಬಿನಲ್ಲೂ ಅದು ಬಡಿದುಕೊಳ್ಳುತ್ತದೆ. ಸಂಸದರಿಗೆ ಸಿಗುವುದು ಎಂಟು ನಿಮಿಷ. ಗ್ಲಾಸು ಕೆಳಗಿಟ್ಟು ಓಡಬೇಕು!

ಅಲ್ಲಿನ ಸದನದಲ್ಲಿ ಧೂಮಪಾನಕ್ಕೆ 17ನೇ ಶತಮಾನದಿಂದಲೇ ನಿಷೇಧ. ಆದರೆ ನಶ್ಯಕ್ಕೆ ಅಡ್ಡಿಯಿಲ್ಲ! ಬಾಗಿಲು ಕಾಯುವವರ ಹತ್ತಿರ ಒಂದು ನಶ್ಯದ ಡಬ್ಬಿ ಇರುತ್ತದೆ. ಬೇಕಾದ ಸಂಸದರಿಗೆ ಒಂದು ಚಿಟಿಕೆ, ಪುಕ್ಕಟೆ!

ಬಾರೆಲ್ಲಾ ಸಾಕು, ನಮ್ಮ ಕಡೆ ಬನ್ನಿ.

ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆ ಮೊದಲ ಸಲ ಸೇರಿದ್ದು 1881ರ ಅಕ್ಟೋಬರ್ 7ರಂದು. ದಿವಾನ್ ರಂಗಾಚಾರ್ಲು ಕರೆದದ್ದು. ಬಂದವರು 144 ಮಂದಿ. ಸಭೆ ಇಟ್ಟದ್ದು ಯಾವಾಗ? ದಸರಾ ಹೊತ್ತಿಗೆ! ಮೈಸೂರಿಗೆ ಹೋದವರಿಗೆ ಅಹವಾಲು ಹೇಳುವುದೂ ಆಯಿತು, ಹಬ್ಬದ ಸಡಗರ ನೋಡುವುದೂ ಆಯಿತು. ಜಾಣತನ ಅಂದರೆ ಇದು!

1907ರಲ್ಲಿ ಶಾಸನ ಪರಿಷತ್ತು ಹುಟ್ಟಿತು. ಅದರ ಮೊದಲ ಸಭೆ ನಡೆದದ್ದು ಜಗನ್ಮೋಹನ ಅರಮನೆಯಲ್ಲಿ. ಇವತ್ತು ಅಲ್ಲಿಗೆ ನಾವು ಹೋಗುವುದು ಚಿತ್ರಗಳನ್ನು ನೋಡೋದಕ್ಕೆ!

ಐದು ವರ್ಷ ಕಳೆದು, 1912ರಲ್ಲಿ, ನಮ್ಮ ಮುದ್ದೇನಹಳ್ಳಿಯ ಹುಡುಗನೊಬ್ಬ ಆ ಸಂಸ್ಥಾನಕ್ಕೇ ದಿವಾನ. ಹೆಸರು ಹೇಳಬೇಕಿಲ್ಲ ತಾನೇ?

ವಿಧಾನಸೌಧಕ್ಕೆ ನೆಹರೂ ಅಡಿಗಲ್ಲು ಇಟ್ಟದ್ದು 1951ರ ಜುಲೈ 13ರಂದು. ಅಲ್ಲಿ ಕಲ್ಲು ಹೊತ್ತವರಲ್ಲಿ ಜೈಲಿನ ಕೈದಿಗಳೂ ಇದ್ದರು! ಕೆಲಸ ಮುಗಿದ ಮೇಲೆ ಅವರಲ್ಲಿ ಹೆಚ್ಚಿನವರಿಗೆ ಬಿಡುಗಡೆ ಸಿಕ್ಕಿತು. ಕಾನೂನು ಮುರಿದವರು ಕಾನೂನು ಮಾಡುವ ಮನೆ ಕಟ್ಟಿ ಸ್ವತಂತ್ರರಾದರು!

ಆ ಸೌಧದೊಳಗೆ ಒಂದು ದೊಡ್ಡ ಹಾಲ್ ಇದೆ. ಟಿವಿಯಲ್ಲಿ ಎಷ್ಟೋ ಸಮಾರಂಭ ಅಲ್ಲಿಂದ ನೋಡಿದ್ದೀರಿ. ಹೆಸರೇ ಬ್ಯಾಂಕ್ವೆಟ್ ಹಾಲ್. ಅಂದರೆ ಔತಣದ ಮನೆ! ಶಾಸನ ಮಾಡುವ ಕಟ್ಟಡದಲ್ಲಿ ಭೋಜನಕ್ಕೇ ಅಂತ ಒಂದು ಹೆಸರಿಟ್ಟ ಜಾಗ.

ವಿಧಾನಸೌಧದಲ್ಲಿ ಶಾಸಕರು ಮಲಗಿಯೂ ಇದ್ದಾರೆ! ಕೂತಲ್ಲೇ ತೂಕಡಿಸಿದ್ದಲ್ಲ. ಚಾಪೆ, ದಿಂಬು, ಹೊದಿಕೆ ತರಿಸಿಕೊಂಡು ರಾತ್ರಿಯಿಡೀ! ಇದಕ್ಕೆ ಅಹೋರಾತ್ರಿ ಧರಣಿ ಅಂತ ಹೆಸರು. 2010ರ ಜುಲೈನಲ್ಲಿ ಬಳ್ಳಾರಿ ಗಣಿ ವಿಚಾರಕ್ಕೆ ಕಾಂಗ್ರೆಸ್, ಜೆಡಿಎಸ್ ಶಾಸಕರು ಮಲಗಿದರು. 2022ರ ಫೆಬ್ರುವರಿಯಲ್ಲಿ ಮತ್ತೆ ಕಾಂಗ್ರೆಸ್ಸಿಗರು ಮಲಗಿದರು.

ಈ ನಿದ್ದೆಗಳಲ್ಲಿ ನನಗೆ ಬಲು ಇಷ್ಟವಾದದ್ದು 2019ರ ಜುಲೈ 18ರ ರಾತ್ರಿಯದ್ದು. ಕುಮಾರಸ್ವಾಮಿ ಸರ್ಕಾರ ಉಳಿಯುತ್ತೋ ಉರುಳುತ್ತೋ ಅನ್ನುವ ಹೊತ್ತು. ವಿಶ್ವಾಸಮತ ಮುಗಿಯುವ ತನಕ ಹೊರಗೆ ಹೋಗಲ್ಲ ಅಂತ ಯಡಿಯೂರಪ್ಪ ತಮ್ಮ ಶಾಸಕರ ಜೊತೆ ಸದನದಲ್ಲೇ ಹಾಸಿಗೆ ಹಾಸಿದರು. ಬೆಳಗಾಯಿತು. ಒಳಗೆ ಬಂದವರು ಯಾರು ಅಂದುಕೊಂಡಿರಿ? ಆಗಿನ ಉಪಮುಖ್ಯಮಂತ್ರಿ ಜಿ. ಪರಮೇಶ್ವರ! ಎದುರು ಪಕ್ಷದವರು! ಬಂದವರೇ ಧರಣಿ ಕೂತವರ ಜೊತೆ ಕೂತು ತಿಂಡಿ ತಿಂದರು!

ಕಾರಣ ಕೇಳಿದರೆ ಪರಮೇಶ್ವರ ಹೇಳಿದ್ದೇನು? ಕೆಲವರಿಗೆ ಸಕ್ಕರೆ ಕಾಯಿಲೆ, ಬಿ.ಪಿ. ಇದೆ, ಊಟತಿಂಡಿ ನೋಡಿಕೊಳ್ಳುವುದು ನಮ್ಮ ಕರ್ತವ್ಯ ಅಂತ. ನಾಲ್ಕು ದಿನ ಕಳೆಯಿತು. ಜುಲೈ 23ಕ್ಕೆ ಮತ ಹಾಕಿದಾಗ 99ಕ್ಕೆ 105. ತಿಂಡಿ ಕೊಟ್ಟವರ ಸರ್ಕಾರ ಬಿತ್ತು. ತಿಂದವರ ಸರ್ಕಾರ ಬಂತು!

ಅದೇ ತಿಂಗಳು ಜೆಡಿಎಸ್ ಶಾಸಕರು ಎಲ್ಲಿ ತಂಗಿದ್ದರು ಹೇಳಿ ನೋಡೋಣ? ನಂದಿ ಬೆಟ್ಟದ ಕಡೆಯ ಒಂದು ರೆಸಾರ್ಟಿನಲ್ಲಿ! ಶಾಸಕರನ್ನು ಹೀಗೆ ಕೂಡಿಹಾಕುವುದು ಹೊಸತೇನಲ್ಲ. 1984ರಲ್ಲಿ ಎನ್.ಟಿ. ರಾಮರಾವ್ ಆಂಧ್ರದಲ್ಲಿ ಕುರ್ಚಿ ಕಳೆದುಕೊಂಡಾಗ ತಮ್ಮ ಶಾಸಕರನ್ನು ಕರ್ನಾಟಕಕ್ಕೇ ಕಳಿಸಿದ್ದರು. ಆಗ ಇಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ. ಎನ್‌ಟಿಆರ್ ಸಿನಿಮಾಗಳಿಗೆ ಶಿಳ್ಳೆ ಹೊಡೆದ ನಮ್ಮ ಬಾಗೇಪಲ್ಲಿ, ಗೌರಿಬಿದನೂರಿನವರಿಗೆ ಆ ಕಥೆ ಇನ್ನೂ ಬಾಯಿಪಾಠ!

ಮಧ್ಯಾಹ್ನ ಊಟಕ್ಕೆ ಅಂತ ಹೋದ ಶಾಸಕರು ವಾಪಸ್ ಬರುವುದೇ ಕಷ್ಟ. ಸ್ಪೀಕರ್ ಯು.ಟಿ. ಖಾದರ್ ಇದಕ್ಕೊಂದು ಉಪಾಯ ಹುಡುಕಿದರು. ಊಟವನ್ನೇ ವಿಧಾನಸೌಧಕ್ಕೆ ತರಿಸಿದರು! ಹೊರಗೆ ಹೋದರೆ ತಾನೇ ತಪ್ಪಿಸಿಕೊಳ್ಳೋದು?

ಊಟ ಆಯಿತು. ಆಮೇಲೆ? ನಿದ್ದೆ! ಅದಕ್ಕೂ ಖಾದರ್ ಹತ್ತಿರ ಮದ್ದು ಇತ್ತು. ಮಧ್ಯಾಹ್ನ ಸ್ವಲ್ಪ ಒರಗಿಕೊಳ್ಳಲಿ ಅಂತ 15 ರಿಕ್ಲೈನರ್ ಕುರ್ಚಿಗಳನ್ನು ಬಾಡಿಗೆಗೆ ತರುವ ಯೋಜನೆಯನ್ನು 2025ರಲ್ಲಿ ಪ್ರಕಟಿಸಿದರು. ಶಾಸಕರು 224, ಕುರ್ಚಿ 15. ಅದಕ್ಕೂ ಪೈಪೋಟಿಯೇ!

ಬೇಗ ಬಂದವರಿಗೂ ಬಹುಮಾನ ಉಂಟು. ಗಂಡಭೇರುಂಡದ ಗುರುತು ಇರುವ ಕಪ್ಪು ಸಾಸರು! ಶಾಲೆಯಲ್ಲಿ ಹಾಜರಿಗೆ ಪೆನ್ಸಿಲ್ ಕೊಡುತ್ತಿದ್ದರು, ಇಲ್ಲಿ ಟೀ ಕಪ್ಪು.

ಶಾಸಕರ ಭವನವನ್ನು ಬೆಂಗಳೂರಿಗೆ ಓಡಾಡುವವರು ಎಲ್.ಎಚ್. ಅಂತಲೇ ಕರೆಯುತ್ತಾರೆ. ಅಲ್ಲಿ ಉಳಿಯುವವರು ಶಾಸಕರಷ್ಟೇ ಅಲ್ಲ. ಆಸ್ಪತ್ರೆಗೆ, ಕೋರ್ಟಿಗೆ, ವರ್ಗಾವಣೆಗೆ ಅಂತ ಬಂದ ಊರಿನವರೂ ಶಾಸಕರ ರೂಮಿನಲ್ಲೇ ಚಾಪೆ ಹಾಸಿಕೊಳ್ಳುತ್ತಾರೆ. ಲಂಡನ್ನಿನ ಸಂಸದರಿಗೆ ಮತದಾರ ಹೀಗೆ ತಲೆದೆಸೆಯಲ್ಲಿ ಮಲಗಿದ್ದರೆ ಗೊತ್ತಾಗುತ್ತಿತ್ತು!

ದೆಹಲಿಯಲ್ಲಿ ಇರುವ ಹಾಗೆ ನಮಗೂ ಒಂದು ಕ್ಲಬ್ ಬೇಕು ಅಂತ ನಮ್ಮ ಶಾಸಕರಿಗೂ ಆಸೆಯಿತ್ತು. ಅದಕ್ಕೆ ಕಣ್ಣು ಬಿದ್ದದ್ದು ಬಾಲಬ್ರೂಯಿ ಅತಿಥಿಗೃಹದ ಮೇಲೆ. ಅದು ಎಂಥ ಜಾಗ ಗೊತ್ತೇ? 1928ರಲ್ಲಿ ರವೀಂದ್ರನಾಥ ಟ್ಯಾಗೋರ್ ಅಲ್ಲೇ ತಂಗಿದ್ದು, ಶೇಷೇರ್ ಕಬಿತಾ ಕಾದಂಬರಿ ಮುಗಿಸಿದರು! ಹಳೆಯ ಬಂಗಲೆ, ಹಳೆಯ ಮರಗಳು. ಬೆಂಗಳೂರಿಗರು ಜೋರಾಗಿಯೇ ಆಕ್ಷೇಪ ತೆಗೆದರು. ಆಕ್ಷೇಪ ಸರಿಯಾಗಿಯೇ ಇತ್ತು ಅನ್ನಿ.

ಸದನದಲ್ಲಿ ಕುಡಿಯುವಂತಿಲ್ಲ, ಆದರೆ ಕುಡಿತದ ಬಗ್ಗೆ ಮಾತಾಡಬಹುದಲ್ಲ! 2025ರ ಮಾರ್ಚಿನಲ್ಲಿ ತುರುವೇಕೆರೆ ಶಾಸಕ ಎಂ.ಟಿ. ಕೃಷ್ಣಪ್ಪ ಎದ್ದು ನಿಂತು ಕೇಳಿದ್ದೇನು? ಹೆಂಗಸರಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತೀರಿ, ಕುಡಿಯುವ ಗಂಡಸರಿಗೆ ವಾರಕ್ಕೆ ಎರಡು ಬಾಟಲಿ ಪುಕ್ಕಟೆ ಕೊಡಿ ಅಂತ! ಸದನವೆಲ್ಲ ನಗು. ಕೊಡದೆಯೇ ಇಷ್ಟು ಕಷ್ಟ, ಕೊಟ್ಟರೆ ಇನ್ನೇನು ಗತಿ ಅನ್ನುವ ಧಾಟಿಯಲ್ಲಿ ಸ್ಪೀಕರ್ ಚಟಾಕಿ ಹಾರಿಸಿದರು.

2007ನೇ ಇಸವಿಯನ್ನು ಸ್ವಲ್ಪ ನೋಡಿ. ಆ ವರ್ಷ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ ಅಂಗಡಿಗಳಿಗೆ ಬೀಗ. ಅದೇ ವರ್ಷ ಸರ್ಕಾರ ದ್ರಾಕ್ಷಿ ಮತ್ತು ವೈನ್ ನೀತಿ ತಂದಿತು! ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆದರು. ಅದೇ 2007ರಲ್ಲೇ ಕೋಲಾರದಿಂದ ಬೇರೆಯಾಗಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯೂ ಹುಟ್ಟಿತು!

ವೈನ್ ಅಂದರೆ ದ್ರಾಕ್ಷಿ. ದ್ರಾಕ್ಷಿ ಅಂದರೆ ನಾವೇ! ಬೆಂಗಳೂರು ಬ್ಲೂ ಅನ್ನುವ ಕಪ್ಪು ನೀಲಿ ದ್ರಾಕ್ಷಿಗೆ 2013ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಹೆಸರಲ್ಲಿ ಬೆಂಗಳೂರು ಇದೆ, ಚಪ್ಪರ ಚಿಕ್ಕಬಳ್ಳಾಪುರದ ತೋಟಗಳಲ್ಲೂ ಇದೆ. ಜ್ಯೂಸಿಗೂ ಅದೇ, ವೈನಿಗೂ ಅದೇ!

ಆ ದ್ರಾಕ್ಷಿ ತೋಟಗಳ ನೆತ್ತಿಯ ಮೇಲಿರುವ ನಂದಿ ಬೆಟ್ಟದಲ್ಲಿ 1927ರಲ್ಲೂ 1936ರಲ್ಲೂ ವಿಶ್ರಾಂತಿ ಪಡೆದವರು ಗಾಂಧೀಜಿ. ಮದ್ಯದ ಕಡುವೈರಿ! ಅದೇ ಬೆಟ್ಟಕ್ಕೆ 1986ರ ನವೆಂಬರಿನಲ್ಲಿ ಸಾರ್ಕ್ ದೇಶಗಳ ನಾಯಕರೆಲ್ಲ ಹರಟೆಗೆ ಬಂದರು. 2025ರ ಜುಲೈ 2ರಂದು ರಾಜ್ಯದ ಸಚಿವ ಸಂಪುಟವೇ ಬೆಟ್ಟ ಹತ್ತಿ ಸಭೆ ಮಾಡಿತು. ಬಾಗೇಪಲ್ಲಿಗೆ ಭಾಗ್ಯನಗರ ಅನ್ನುವ ಹೆಸರು ತೀರ್ಮಾನವಾದದ್ದು ಆ ಸಭೆಯಲ್ಲೇ!

ಪಾನನಿಷೇಧಕ್ಕೆ ಪ್ರಯತ್ನಿಸಬೇಕು ಅಂತ ನಮ್ಮ ಸಂವಿಧಾನವೇ ಹೇಳುತ್ತದೆ. 47ನೇ ವಿಧಿ. ಸಂವಿಧಾನ ಸಭೆಯಲ್ಲಿ ಇದನ್ನು ವಿರೋಧಿಸಿದವರಲ್ಲಿ ಒಬ್ಬರು ಯಾರು ಗೊತ್ತೇ? 1928ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ಹಾಕಿ ತಂಡದ ನಾಯಕ ಜೈಪಾಲ್ ಸಿಂಗ್! ಅಕ್ಕಿಯಿಂದ ಮಾಡಿದ ಮದ್ಯ ಆದಿವಾಸಿಗಳ ಪೂಜೆಗೇ ಬೇಕು ಅನ್ನುವುದು ಅವರ ವಾದ.

ಆ ವಾದ ನಡೆದ ಸಭಾಂಗಣವೇ ಮುಂದೆ ದೆಹಲಿ ಸಂಸತ್ತಿನ ಸೆಂಟ್ರಲ್ ಹಾಲ್ ಆಯಿತು. ಅಲ್ಲಿ ಹರಿದದ್ದು ಮದ್ಯವಲ್ಲ, ಕಾಫಿ! ಪಕ್ಷಭೇದವಿಲ್ಲದೆ ಸಂಸದರು, ಹಿರಿಯ ಪತ್ರಕರ್ತರು ಕೂತು ಹರಟುತ್ತಿದ್ದ ಜಾಗ. ಒಳಗೆ ಬೈದಾಡಿಕೊಂಡವರು ಹೊರಗೆ ಬಂದು ಒಂದೇ ತಟ್ಟೆಯ ಟೋಸ್ಟ್ ತಿನ್ನುತ್ತಿದ್ದರು. 2023ರ ಸೆಪ್ಟೆಂಬರಿನಲ್ಲಿ ಸಂಸತ್ತು ಹೊಸ ಕಟ್ಟಡಕ್ಕೆ ಹೋಯಿತು. ಅಲ್ಲಿ ಸೆಂಟ್ರಲ್ ಹಾಲೇ ಇಲ್ಲ! ಹಳಬರು ಇವತ್ತಿಗೂ ಅದನ್ನೇ ಹೇಳಿ ಹಲುಬುತ್ತಾರೆ.

ಹಳೆಯ ಭವನದಲ್ಲಿ ಕಾಫಿ ಬೋರ್ಡಿಗೆ ಒಂದು ಕೌಂಟರ್, ಟೀ ಬೋರ್ಡಿಗೆ ಇನ್ನೊಂದು ಇತ್ತು! ಕಾಫಿ ಬೋರ್ಡಿನ ಕೇಂದ್ರ ಕಚೇರಿ ಇರುವುದು ನಮ್ಮ ವಿಧಾನಸೌಧದ ಹತ್ತಿರವೇ, ಬೆಂಗಳೂರಿನಲ್ಲಿ.

ಸಂಸತ್ತಿನ ಕ್ಯಾಂಟೀನ್ ನಡೆಸುತ್ತಿದ್ದವರು ಯಾರು? ರೈಲ್ವೆಯವರು! ಉತ್ತರ ರೈಲ್ವೆ 1968ರಿಂದ 2020ರವರೆಗೆ ಸಂಸದರಿಗೆ ಊಟ ಹಾಕಿತು. ಹಳಿ ಇಲ್ಲ, ರೈಲಿಲ್ಲ, ಅಡುಗೆ ಮಾತ್ರ ರೈಲ್ವೆಯದ್ದು!

2015ರ ಮಾರ್ಚ್ 2ರಂದು ಪ್ರಧಾನಿ ಮೋದಿ ಇದ್ದಕ್ಕಿದ್ದಂತೆ ಆ ಕ್ಯಾಂಟೀನಿಗೆ ಹೋಗಿ ಊಟಕ್ಕೆ ಕೂತರು. ಊಟದ ಬಿಲ್ಲು 29 ರೂಪಾಯಿ! ಪುಸ್ತಕದಲ್ಲಿ ಬರೆದದ್ದು ‘ಅನ್ನದಾತಾ ಸುಖೀಭವ’.

29 ರೂಪಾಯಿ ಊಟ ಕೇಳಿ ದೇಶದ ಹೊಟ್ಟೆ ಉರಿದದ್ದು ಸುಳ್ಳಲ್ಲ. 2021ರಲ್ಲಿ ಸಬ್ಸಿಡಿ ನಿಂತಿತು. ಸಸ್ಯಾಹಾರಿ ಊಟ 100 ರೂಪಾಯಿ, ಮಾಂಸಾಹಾರಿ ಬಫೆ 700 ರೂಪಾಯಿ ಆಯಿತು. ಆದರೂ ಆಗ ಒಂದು ಚಪಾತಿಗೆ 3 ರೂಪಾಯಿ ಅಷ್ಟೆ! ಆ ಬೆಲೆಗೆ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಏನು ಸಿಗುತ್ತೆ, ನೀವೇ ಹೇಳಿ.

ಹಾಸನದ ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾದರು. ಅವರ ಜೊತೆಗೆ ದೆಹಲಿಗೆ ಹೋದದ್ದು ರಾಗಿ ಮುದ್ದೆ! ಪ್ರಧಾನಿ ನಿವಾಸದ ಅಡುಗೆಮನೆಯಲ್ಲಿ ಮುದ್ದೆ ಕೋಲು ತಿರುಗಿತು!

ಇದಕ್ಕಿಂತ ದೊಡ್ಡ ದಿನ ಇನ್ನೊಂದು ಬಂತು. 2022ರ ಡಿಸೆಂಬರ್ 20ರಂದು ಸಂಸತ್ತಿನಲ್ಲಿ ಸಿರಿಧಾನ್ಯದ ಔತಣ. ರಾಗಿ ದೋಸೆ, ರಾಗಿ ಇಡ್ಲಿ, ಜೋಳದ ರೊಟ್ಟಿ! ಮಾಡೋದಕ್ಕೆ ಬಾಣಸಿಗರು ಬಂದದ್ದು ಎಲ್ಲಿಂದ? ಕರ್ನಾಟಕದಿಂದ! ಪ್ರಧಾನಿ ಮೋದಿ, ವಿರೋಧ ಪಕ್ಷದ ನಾಯಕ ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ, ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಉಂಡರು. ಸದನದಲ್ಲಿ ಒಂದಾಗದವರನ್ನು ರಾಗಿ ಒಂದು ಮಾಡಿತು, ಒಂದು ಊಟದ ಮಟ್ಟಿಗಾದರೂ!

ದಾವಣಗೆರೆ ಸೀಮೆಯ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿ ಇಡೀ ಸದನವನ್ನು ಬೆರಗುಗೊಳಿಸಿದವರು. ಮುಂದೆ ಮುಖ್ಯಮಂತ್ರಿ. ತಾವು ಕುಡಿಯುವುದನ್ನು ಒಂದು ದಿನವೂ ಮುಚ್ಚಿಡಲಿಲ್ಲ! ರಾಜಕಾರಣಿಗಳಲ್ಲಿ ಇಂಥ ಸತ್ಯವಂತರು ಇನ್ನೊಬ್ಬರಿದ್ದರೆ ತೋರಿಸಿ.

ಬ್ರಿಟನ್ನಿನಲ್ಲಿ ಬಜೆಟ್ಟಿಗೆ ವಿಸ್ಕಿ ಅಂದೆವಲ್ಲ, ನಮ್ಮಲ್ಲಿ ಹಲ್ವ! ಬಜೆಟ್ ಸಿದ್ಧತೆಯ ಕೊನೆಯ ಹಂತದಲ್ಲಿ ದೊಡ್ಡ ಬಾಣಲೆಯಲ್ಲಿ ಹಲ್ವ ಮಾಡಿ, ಹಣಕಾಸು ಸಚಿವರೇ ಹಂಚುತ್ತಾರೆ. ಸಿಹಿ ತಿಂದ ಅಧಿಕಾರಿಗಳು ಆಮೇಲೆ ಒಳಗೇ ಬಂದಿ. ಬಜೆಟ್ ಮಂಡನೆ ಆಗುವ ತನಕ ಮನೆಗೆ ಹೋಗುವಂತಿಲ್ಲ!

ಆ ಹಲ್ವ ಹಂಚುವ ನಿರ್ಮಲಾ ಸೀತಾರಾಮನ್ 2016ರಿಂದ ರಾಜ್ಯಸಭೆಯಲ್ಲಿ ಪ್ರತಿನಿಧಿಸುತ್ತಿರುವುದು ಕರ್ನಾಟಕವನ್ನು. 2020ರಲ್ಲಿ ಎರಡೂವರೆ ಗಂಟೆಗೂ ಮೀರಿ ಬಜೆಟ್ ಓದಿ ಸುಸ್ತಾದರು. ಇನ್ನೆರಡೇ ಪುಟ ಉಳಿದಿತ್ತು. ಅಲ್ಲಿಗೇ ನಿಲ್ಲಿಸಿ ಕೂತರು!

ಇನ್ನು ಅಮೆರಿಕಕ್ಕೆ ಹೋಗೋಣ. ಅಲ್ಲಿನ ಸೆನೆಟ್ಟಿನಲ್ಲಿ ಸದನದೊಳಗೆ ಎರಡನ್ನು ಕುಡಿಯಬಹುದು. ಒಂದು ನೀರು. ಇನ್ನೊಂದು? ಹಾಲು! ಕಾಫಿ ಇಲ್ಲ, ಟೀ ಇಲ್ಲ. ಡೇರಿಗೆ ಹಾಲು ಹಾಕುವ ನಮ್ಮ ಮಂಚೇನಹಳ್ಳಿ ಕಡೆಯ ಹೆಂಗಸರಿಗೆ ಈ ನಿಯಮ ಖಂಡಿತ ಹಿಡಿಸುತ್ತೆ.

ಅಲ್ಲಿನ ಒಂದು ಮೇಜಿನ ಡ್ರಾಯರ್ ತುಂಬ ಮಿಠಾಯಿ! 1965ರಲ್ಲಿ ಜಾರ್ಜ್ ಮರ್ಫಿ ಎಂಬ ಮಾಜಿ ಸಿನಿಮಾ ನಟ ಶುರುಮಾಡಿದ ರೂಢಿ. ಪಕ್ಷ ಯಾವುದೇ ಇರಲಿ, ಕೈ ಹಾಕಿ ಒಂದು ತೆಗೆದುಕೊಳ್ಳಬಹುದು.

ಸೆನೆಟ್ ಊಟದ ಮನೆಯಲ್ಲಿ ದಿನಾ ಹುರುಳಿಕಾಯಿ ಬೀಜದ ಸೂಪು ಇರಲೇಬೇಕು. ನೂರು ವರ್ಷ ದಾಟಿದ ಸಂಪ್ರದಾಯ. ನಮ್ಮಲ್ಲಿ ಅವರೆಕಾಳಿನ ಸಾರು ವರ್ಷಪೂರ್ತಿ ಅಂದರೆ ಯಾರು ಬೇಡ ಅನ್ನುತ್ತಾರೆ?

ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ. ಕಾನೂನು ಮಾಡಿದವರು ಸಂಸದರೇ. ಕದ್ದು ಕುಡಿದವರೂ ಅವರೇ! ಜಾರ್ಜ್ ಕ್ಯಾಸಿಡಿ ಎಂಬಾತ ಚೀಲದಲ್ಲಿ ಬಾಟಲಿ ತುಂಬಿಕೊಂಡು ಸಂಸದರ ಕಚೇರಿ ಕಚೇರಿಗೆ ಹೋಗಿ ಕೊಡುತ್ತಿದ್ದ. ಹಸಿರು ಟೋಪಿ ಹಾಕಿಕೊಂಡಿದ್ದಾಗ ಸಿಕ್ಕಿಬಿದ್ದದ್ದರಿಂದ ಹಸಿರು ಟೋಪಿಯವ ಅಂತಲೇ ಹೆಸರಾದ. 1930ರಲ್ಲಿ ಪತ್ರಿಕೆಗೆ ತನ್ನ ಕಥೆ ಬರೆದ. ಐವರಲ್ಲಿ ನಾಲ್ವರು ಕುಡಿಯುತ್ತಾರೆ ಅಂತ ಲೆಕ್ಕವನ್ನೂ ಕೊಟ್ಟ!

1945ರ ಏಪ್ರಿಲ್ 12. ಅಮೆರಿಕದ ಉಪಾಧ್ಯಕ್ಷ ಟ್ರೂಮನ್ ಸಂಜೆ ಸ್ಪೀಕರ್ ರೇಬರ್ನ್ ಅವರ ಗುಟ್ಟಿನ ಕೋಣೆಗೆ ಒಂದು ಗ್ಲಾಸಿಗೆ ಅಂತ ಬಂದರು. ಫೋನು ಬಂತು. ಅಧ್ಯಕ್ಷ ರೂಸ್‌ವೆಲ್ಟ್ ತೀರಿಕೊಂಡಿದ್ದರು. ಗ್ಲಾಸಿಗೆ ಬಂದವರು ದೇಶದ ಅಧ್ಯಕ್ಷರಾಗಿಬಿಟ್ಟರು! ಆ ಕೋಣೆಯ ಹೆಸರು ಕೇಳಿದರೆ ನಗುತ್ತೀರಿ. ಶಿಕ್ಷಣ ಮಂಡಳಿ!

ನ್ಯೂಜಿಲೆಂಡಿನದ್ದು ದುಬಾರಿ ಗ್ಲಾಸು. 1984ರ ಜೂನ್ 14ರ ರಾತ್ರಿ ಪ್ರಧಾನಿ ಮಲ್ಡೂನ್ ಚೆನ್ನಾಗಿ ಕುಡಿದಿದ್ದರು. ಹಾಗೇ ಟಿವಿ ಮುಂದೆ ಬಂದು ದಿಢೀರ್ ಚುನಾವಣೆ ಘೋಷಿಸಿಬಿಟ್ಟರು! ಸರಿಯಾಗಿ ಒಂದು ತಿಂಗಳಿಗೆ ಚುನಾವಣೆ. ಸೋತರು.

ಫಿನ್ಲೆಂಡಿನ ಸಂಸತ್ ಭವನದಲ್ಲಿ ಸೌನಾ ಇದೆ. ಅಂದರೆ ಬಿಸಿ ಹಬೆಯ ಬೆವರು ಸ್ನಾನದ ಕೋಣೆ! ಸದನದ ಬಿಸಿ ಸಾಲದು ಅಂತ ಕಾಣುತ್ತೆ.

ಮತ್ತೆ ನಮ್ಮ ನಾಡಿಗೆ. ಬೆಳಗಾವಿಯ ಸುವರ್ಣ ವಿಧಾನಸೌಧ 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಅವರಿಂದ ಉದ್ಘಾಟನೆ ಆಯಿತು. ಅಧಿವೇಶನ ಇದ್ದಾಗ ಊರಿನ ಹೋಟೆಲ್ ರೂಮುಗಳೆಲ್ಲ ಸರ್ಕಾರದ ಪಾಲು. ವಾಪಸ್ ಬರುವವರ ಕೈಯಲ್ಲಿ ಫೈಲು ಇರುತ್ತೋ ಇಲ್ಲವೋ, ಕುಂದಾ ಡಬ್ಬಿ ಇರಲೇಬೇಕು!

ಅಧಿವೇಶನ ಮುಗಿದರೆ ಅಷ್ಟು ದೊಡ್ಡ ಸೌಧ ಹೆಚ್ಚು ಕಾಲ ಖಾಲಿ. 2022ರ ಬೇಸಿಗೆಯಲ್ಲಿ ಅಲ್ಲಿನ ಕೂಲಿ ಹೆಣ್ಣುಮಗಳೊಬ್ಬರು ನೋಡಿದರು. ಎದುರಿಗೆ ವಿಶಾಲವಾದ ಚೊಕ್ಕ ಮೆಟ್ಟಿಲು, ಮೇಲೆ ಸುಡುವ ಬಿಸಿಲು. ಬಟ್ಟೆ ಹಾಸಿ ಶಾವಿಗೆ, ಹಪ್ಪಳ ಒಣಗಲು ಹಾಕಿಬಿಟ್ಟರು! ಕೋಟಿ ಕೋಟಿ ಸುರಿದು ಕಟ್ಟಿದ ಸೌಧದ ಮುಂದೆ ಶಾವಿಗೆ!

ಫೋಟೊ ಊರೆಲ್ಲ ಹಬ್ಬಿತು. ಅಧಿಕಾರಿಗಳಿಗೆ ಸಿಟ್ಟು ಬಂತು. ಆ ತಾಯಿಯನ್ನು ಕೆಲಸದಿಂದ ತೆಗೆದರು. ಈಗ ಜನಕ್ಕೆ ಸಿಟ್ಟು ಬಂತು. ಬಡವಳ ಮೇಲೆ ಯಾಕೆ ನಿಮ್ಮ ಪ್ರತಾಪ ಅಂತ ಕೇಳಿದರು. ಮತ್ತೆ ಕೆಲಸಕ್ಕೆ ಸೇರಿಸಿಕೊಂಡರು! ನನ್ನ ಕೇಳಿದರೆ, ವರ್ಷದಲ್ಲಿ ಹೆಚ್ಚಿನ ದಿನ ಖಾಲಿ ಇರುವ ಆ ಮೆಟ್ಟಿಲುಗಳನ್ನು ಸರಿಯಾಗಿ ಬಳಸಿದವರು ಅವರೊಬ್ಬರೇ.

ಇದೆಲ್ಲ ಓದಿ ವಿಧಾನಸೌಧದ ಒಳಗೊಮ್ಮೆ ಇಣುಕಬೇಕು ಅನ್ನಿಸಿತೇ? ಮೊದಲಾದರೆ ಪಾಸಿಗೆ ಶಾಸಕರ ಹಿಂದೆ ಅಲೆಯಬೇಕಿತ್ತು. 2025ರ ಜೂನ್‌ನಿಂದ ಪ್ರವಾಸೋದ್ಯಮ ನಿಗಮದವರೇ ರಜಾದಿನಗಳಲ್ಲಿ ಕರೆದುಕೊಂಡು ಹೋಗಿ, ವಿವರಿಸಿ ತೋರಿಸುತ್ತಾರೆ. ಟಿಕೆಟ್ ಬರೀ 50 ರೂಪಾಯಿ! ಆನ್‌ಲೈನಿನಲ್ಲಿ ಮೊದಲೇ ಬುಕ್ ಮಾಡಿ, ಒಂದು ಭಾನುವಾರ ಬೆಳಿಗ್ಗೆ ಮಂಚೇನಹಳ್ಳಿಯಲ್ಲಿ ಬಸ್ ಹತ್ತಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಗುರುತಿನ ಚೀಟಿ ಮಾತ್ರ ಮರೆಯಬೇಡಿ!